ಅಡಿಕೆ ತೋಟಕ್ಕೆ ಆಳು ಬೇಕು, ಆಳಿಗೆ ಕಾಗದ ಬೇಡವೇ?

2025ರ ಸೆಪ್ಟೆಂಬರ್ 19ರಂದು ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಹೊಸದಾಗಿ ಎಚ್‌-1ಬಿ ವೀಸಾಕ್ಕೆ ಅರ್ಜಿ ಹಾಕುವ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳಲ್ಲಿ ಇದು ವಿದೇಶದ ಸುದ್ದಿ ಆಗಿರಲಿಲ್ಲ, ಊರಿನ ಸುದ್ದಿಯೇ ಆಗಿತ್ತು. ಬೆಂಗಳೂರಿನಲ್ಲಿ ಒಬ್ಬ, ಡಲ್ಲಾಸ್‌ನಲ್ಲಿ ಇನ್ನೊಬ್ಬ ಮಗ, ಊರಿನಲ್ಲಿ ಅಪ್ಪ-ಅಮ್ಮ ಮತ್ತು ಎರಡು ಎಕರೆ ತೋಟ. ಈ ಮೂರು ತಾಲೂಕುಗಳಲ್ಲಿ ಇಂಥ ಮನೆ ಹುಡುಕಿಕೊಂಡು ಹೋಗಬೇಕಿಲ್ಲ. ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಅನ್ನುವ ಅಮೆರಿಕದ ನಿಯಮ ಇಲ್ಲಿನ ಎಷ್ಟೋ ಅಜ್ಜಿಯರಿಗೆ ಬಾಯಿಪಾಠ.

ಅದೇ ತಿಂಗಳ 1ನೇ ತಾರೀಕು ಇನ್ನೊಂದು ಕಾನೂನು ಜಾರಿಗೆ ಬಂದಿತ್ತು. ಭಾರತದ್ದೇ. ಹೆಸರು ವಲಸೆ ಮತ್ತು ವಿದೇಶಿಯರ ಕಾಯ್ದೆ, 2025. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆಗಾರಿಕೆ ಕಾಯ್ದೆ, ಈ ನಾಲ್ಕನ್ನೂ ಒಟ್ಟುಗೂಡಿಸಿ ಮಾಡಿದ್ದು. ಇದು ಹೆಚ್ಚು ಸದ್ದು ಮಾಡಲಿಲ್ಲ. ಮೊದಲನೆಯದು ತೋಟ ಬಿಟ್ಟು ಹೋದ ಮಗನಿಗೆ ಸಂಬಂಧಪಟ್ಟದ್ದು. ಎರಡನೆಯದು ಆ ಮಗನ ಜಾಗಕ್ಕೆ ತೋಟಕ್ಕೆ ಬಂದವನ ಮೇಲೂ ನೆರಳು ಬೀಳಿಸುವಂಥದ್ದು. 'ನಮ್ಮ ತೋಟಕ್ಕೆ ಬರುವವರು ವಿದೇಶಿಯರಲ್ಲವಲ್ಲ, ನಮಗೇನು?' ಅಂತ ಕೇಳಬಹುದು. ಹೌದು, ಬಹುಪಾಲು ಎಲ್ಲರೂ ಈ ದೇಶದ ನಾಗರಿಕರೇ. ಆದರೆ ನಾಗರಿಕನಾಗಿರುವುದು ಬೇರೆ, ನಾಗರಿಕ ಅಂತ ಬಿಡಾರದ ಬಾಗಿಲಲ್ಲಿ ನಿಂತ ಪೊಲೀಸರಿಗೆ ತೋರಿಸಿಕೊಡುವುದು ಬೇರೆ.

ಯಾರು ಬರ್ತಾರೆ, ಯಾಕೆ ಬರ್ತಾರೆ

ಅಡಿಕೆ ತೋಟದ ಕೆಲಸ ಹೊರಗಿನವರಿಗೆ ಸುಲಭ ಅನ್ನಿಸಬಹುದು. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆ ಔಷಧಿ, ಅಂದರೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಮ್ಮೆ ಅಲ್ಲ, ಮಳೆ ಜೋರಾದ ವರ್ಷ ಮೂರು ಸಲ. ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತಂದು ಹಾಕಬೇಕು. ನವೆಂಬರ್‌ನಿಂದ ಕೊನೆ ಕೊಯ್ಲು. ಕೊಯ್ದದ್ದನ್ನು ಅದೇ ದಿನ ಅಥವಾ ಮಾರನೇ ದಿನ ಸುಲಿದು ಬೇಯಿಸದಿದ್ದರೆ ಕೆಂಪಡಿಕೆ ಕೆಡುತ್ತದೆ. ಆದ್ದರಿಂದ ಇಡೀ ಊರಿಗೆ ಒಂದೇ ಹೊತ್ತಿನಲ್ಲಿ ಆಳು ಬೇಕು. ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿನಿಂದಲೇ ದಾಟುವ ಕೊನೆಗೌಡನ ಕೌಶಲ ಇದೆಯಲ್ಲ, ಅದು ಹತ್ತು ದಿನದ ತರಬೇತಿಯಲ್ಲಿ ಬರುವುದಲ್ಲ. ಬಿದ್ದರೆ ಬೆನ್ನುಮೂಳೆ.

ಈ ಕೆಲಸಗಳನ್ನೆಲ್ಲ ಬಹುಕಾಲ ಮಾಡಿದವರು ಸ್ಥಳೀಯರು: ನಾಮಧಾರಿಗಳು, ಕರೆಒಕ್ಕಲಿಗರು, ಯಲ್ಲಾಪುರದ ಕಡೆ ಸಿದ್ದಿಗಳು, ಕುಣಬಿಗಳು, ಗೌಳಿಗಳು, ಜೊತೆಗೆ ಸೀಸನ್ನಿಗೆ ಘಟ್ಟದ ಕೆಳಗಿಂದ ಹತ್ತಿ ಬರುತ್ತಿದ್ದವರು. ಅವರ ಮಕ್ಕಳು ಈಗ ಗೋವಾದ ಹೋಟೆಲಿನಲ್ಲಿದ್ದಾರೆ, ಹುಬ್ಬಳ್ಳಿಯ ಶೋರೂಮಿನಲ್ಲಿದ್ದಾರೆ, ಬೆಂಗಳೂರಿನಲ್ಲಿ ಡೆಲಿವರಿ ಮಾಡ್ತಾರೆ. ಅಪ್ಪ ಯಾರ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದನೋ ಅದೇ ಅಂಗಳಕ್ಕೆ ಹೋಗಲು ಮಗನಿಗೆ ಮನಸ್ಸಿಲ್ಲ. 'ಆಳು ಸಿಕ್ತ್ವಿಲ್ಲೆ' ಅನ್ನುವ ಮಾತು ಮದುವೆ ಮನೆಯಿಂದ ಸಹಕಾರಿ ಸಂಘದ ಸಭೆಯವರೆಗೆ ಕೇಳಿಸುತ್ತದೆ. ಆಳು ಯಾಕೆ ಸಿಗುವುದಿಲ್ಲ ಅನ್ನುವ ಪ್ರಶ್ನೆಗೆ 'ಸರಕಾರ ಅಕ್ಕಿ ಪುಕ್ಕಟೆ ಕೊಟ್ಟು ಸೋಮಾರಿ ಮಾಡಿತು' ಅನ್ನುವ ಸಿದ್ಧ ಉತ್ತರವೂ ಇದೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಹಾಗೆ ನೋಡಿದರೆ ತೋಟದ ಯಜಮಾನರ ಮಕ್ಕಳೂ ತೋಟ ಬಿಟ್ಟು ಹೋಗಿದ್ದಾರೆ, ಅವರನ್ನು ಯಾರೂ ಸೋಮಾರಿ ಅನ್ನುವುದಿಲ್ಲ.

ಖಾಲಿಯಾದ ಜಾಗ ತುಂಬುತ್ತಿರುವವರು ಎರಡು ಬಗೆ. ಒಂದು, ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಮೇಸ್ತ್ರಿಯ ಹಿಂದೆ ಬರುವ ಗುಂಪು. ಬಯಲುಸೀಮೆಯ ಸುಗ್ಗಿ ಮುಗಿದ ಮೇಲೆ ಇಲ್ಲಿಯ ಸುಲಿತಕ್ಕೆ, ಬನವಾಸಿ ಕಡೆಯ ಅನಾನಸ್ ಮತ್ತು ಶುಂಠಿ ಹೊಲಗಳಿಗೆ ಬರುವವರು. ಎರಡು, ಜಾರ್ಖಂಡ್, ಬಿಹಾರ, ಒಡಿಶಾ, ಅಸ್ಸಾಂ ಕಡೆಯಿಂದ ರೈಲು ಹತ್ತಿ ಬಂದ ಹುಡುಗರು. ಇವರು ವರ್ಷದ ಹೆಚ್ಚಿನ ಕಾಲ ತೋಟದ ಬದಿಯ ಬಿಡಾರದಲ್ಲೇ ಇರುತ್ತಾರೆ. ಊರಿನ ಅಂಗಡಿಯವನಿಗೆ ಇವರೆಲ್ಲ 'ಹಿಂದಿಯವರು'. ಮುಂಡಾರಿ ಮಾತಾಡುವವನೂ ಹಿಂದಿಯವನೇ, ಅಸ್ಸಾಮಿ ಮಾತಾಡುವವನೂ ಹಿಂದಿಯವನೇ.

ಹತ್ತರ ಲೆಕ್ಕ

ಇವರಿಗೆ ಯಾವ ಕಾನೂನಿದೆ? 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಗುತ್ತಿಗೆದಾರನಿಗೆ ಲೈಸೆನ್ಸ್ ಇರಬೇಕು, ಕಾರ್ಮಿಕನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಊರು ಬಿಟ್ಟದ್ದಕ್ಕೆ ಸ್ಥಳಾಂತರ ಭತ್ಯೆ ಕೊಡಬೇಕು, ಹೋಗಿಬರುವ ಖರ್ಚು ಕೊಡಬೇಕು. ಓದಲಿಕ್ಕೆ ಚೆನ್ನಾಗಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಅಂತರರಾಜ್ಯ ಕಾರ್ಮಿಕರಿರುವಲ್ಲಿ, ಅದೂ ಗುತ್ತಿಗೆದಾರನ ಮೂಲಕ ಬಂದವರಿಗೆ. 2020ರಲ್ಲಿ ಸಂಸತ್ತು ಇದನ್ನು ರದ್ದುಮಾಡಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಿತು. ಐದು ವರ್ಷ ಕಪಾಟಿನಲ್ಲಿದ್ದ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಸರಿಯಾಗಿ ಕೊನೆ ಕೊಯ್ಲು ಶುರುವಾಗುವ ಹೊತ್ತಿಗೆ.

ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶ ಇದೆ. ಗುತ್ತಿಗೆದಾರನಿಲ್ಲದೆ ತಾನಾಗಿಯೇ ಬಂದವನನ್ನೂ ಅದು ವಲಸೆ ಕಾರ್ಮಿಕ ಅಂತ ಒಪ್ಪುತ್ತದೆ. ತಿಂಗಳಿಗೆ 18,000 ರೂಪಾಯಿ ಕೂಲಿಯ ಮಿತಿ ಮಾತ್ರ ಇದೆ. ಬಂದ ರಾಜ್ಯದಲ್ಲೋ ಹುಟ್ಟಿದ ರಾಜ್ಯದಲ್ಲೋ ರೇಷನ್ ಪಡೆಯುವ ಆಯ್ಕೆಯನ್ನೂ ಕೊಡುತ್ತದೆ. ಆದರೆ ಈ ಅಧ್ಯಾಯ ಅನ್ವಯವಾಗಬೇಕಾದರೆ ಒಂದೇ ಕಡೆ ಹತ್ತು ಅಥವಾ ಹೆಚ್ಚು ಅಂತರರಾಜ್ಯ ಕಾರ್ಮಿಕರಿರಬೇಕು. ಐದು ಇದ್ದದ್ದು ಹತ್ತಾಯಿತು. ಸ್ಥಳಾಂತರ ಭತ್ಯೆ ಕಾಣೆಯಾಯಿತು.

ಈಗ ಈ ಹತ್ತರ ಲೆಕ್ಕವನ್ನು ನಮ್ಮ ತೋಟಕ್ಕೆ ತಂದು ನೋಡಿ. ಈ ಭಾಗದ ಹಿಡುವಳಿ ಅಂದರೆ ಒಂದು ಎಕರೆ, ಎರಡು ಎಕರೆ. ಐದು ಎಕರೆ ಇದ್ದವನು ದೊಡ್ಡ ಹಿಡುವಳಿದಾರ. ಒಂದು ತೋಟದಲ್ಲಿ ಇಬ್ಬರು, ಮೂವರು, ಹೆಚ್ಚೆಂದರೆ ನಾಲ್ಕು ಜನ. ಹತ್ತು ಹುಡುಗರು ಒಂದೇ ಊರಿನಲ್ಲಿ ಇರಬಹುದು, ಒಂದೇ ಬಿಡಾರದಲ್ಲೂ ಮಲಗಬಹುದು, ಆದರೆ ಸೋಮವಾರ ಒಬ್ಬರ ತೋಟ, ಮಂಗಳವಾರ ಇನ್ನೊಬ್ಬರದ್ದು. ಯಾರ ಲೆಕ್ಕದಲ್ಲೂ ಹತ್ತು ಆಗುವುದಿಲ್ಲ. ಹಾವೇರಿಯಿಂದ ಬಂದ ಹೆಂಗಸು ಇನ್ನೂ ವಿಚಿತ್ರ ಸ್ಥಿತಿಯಲ್ಲಿದ್ದಾಳೆ. ರಾಜ್ಯದ ಗಡಿ ದಾಟಿಲ್ಲವಾದ್ದರಿಂದ ಆಕೆ ಕಾನೂನಿನ ಕಣ್ಣಿನಲ್ಲಿ ವಲಸೆ ಕಾರ್ಮಿಕಳೇ ಅಲ್ಲ. ಮನೆಗೆ ಬೀಗ ಹಾಕಿ, ಮಗುವನ್ನು ಸ್ಕೂಲು ಬಿಡಿಸಿ ಮೂರು ತಿಂಗಳು ಬಂದಿದ್ದರೂ ಅಲ್ಲ. ಆಕೆಯನ್ನು ಗುರುತಿಸುವುದು 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮಾತ್ರ. ಜಾರ್ಖಂಡ್ ವಿಳಾಸದ ಆಧಾರ್ ಇರುವ ಹೆಂಗಸಿಗೆ ಅದೂ ಇಲ್ಲ.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಇದ್ದವು. ಅಡಿಕೆ ಇರಲಿಲ್ಲ. ಕೊಡಗಿನ ದೊಡ್ಡ ಕಾಫಿ ಎಸ್ಟೇಟಿನ ಕಾರ್ಮಿಕರಿಗೆ ಲೈನ್ ಮನೆ, ಆಸ್ಪತ್ರೆ, ಶಿಶುಮನೆ ಅಂತ ಕಾಗದದ ಮೇಲಾದರೂ ಕೇಳುವ ಹಕ್ಕಿದೆ. ಅದೆಷ್ಟು ಪಾಲನೆಯಾಗುತ್ತದೆ ಅನ್ನುವುದು ಬೇರೆ ಜಗಳ. ಇಲ್ಲಿ ಜಗಳಕ್ಕೂ ಆಧಾರವಿಲ್ಲ. ಬಿಡಾರ ಹೇಗಿರಬೇಕು ಅನ್ನುವುದು ಯಜಮಾನನ ಮನಸ್ಸಿಗೆ ಬಿಟ್ಟದ್ದು. ಮನಸ್ಸು ಒಳ್ಳೆಯದಿರುವ ಯಜಮಾನರು ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಹಕ್ಕು ಅಂದರೆ ಯಜಮಾನನ ಮನಸ್ಸು ಕೆಟ್ಟಾಗಲೂ ಉಳಿಯುವಂಥದ್ದು.

ಆಧಾರ್ ಝೆರಾಕ್ಸ್ ಮತ್ತು ಅನುಮಾನ

ಹೊಸ ವಿದೇಶಿಯರ ಕಾಯ್ದೆ 1946ರದ್ದರಿಂದ ಒಂದು ಅಂಶವನ್ನು ಹಾಗೇ ಉಳಿಸಿಕೊಂಡಿದೆ: 'ನಾನು ವಿದೇಶಿಯನಲ್ಲ' ಅಂತ ಸಾಬೀತು ಮಾಡುವ ಹೊಣೆ ಆರೋಪ ಹೊತ್ತವನದ್ದೇ. ಕೊಲೆ ಆರೋಪಿಯ ವಿಷಯದಲ್ಲಿ ಪೊಲೀಸರು ಸಾಬೀತು ಮಾಡಬೇಕು. ಪೌರತ್ವದ ವಿಷಯದಲ್ಲಿ ಮಾತ್ರ ಉಲ್ಟಾ. 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಇಲಾಖೆ, ಬಾಂಗ್ಲಾದೇಶಿ ಮತ್ತು ರೋಹಿಂಗ್ಯಾ ಎಂಬ ಅನುಮಾನ ಇರುವವರ ದಾಖಲೆಯನ್ನು 30 ದಿನದೊಳಗೆ ಪರಿಶೀಲಿಸಿ ಅಂತ ರಾಜ್ಯಗಳಿಗೆ ಸೂಚಿಸಿತು. ಅದರ ಬೆನ್ನಿಗೆ ಬಂಗಾಳಿ ಮಾತಾಡುವ ಕೂಲಿಗಳ ಮೇಲೆ ಅನೇಕ ರಾಜ್ಯಗಳಲ್ಲಿ ಏನಾಯಿತು ಅನ್ನುವುದು ಗೊತ್ತೇ ಇದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು ದೆಹಲಿಯಲ್ಲಿ ಹಿಡಿದು ಜೂನ್‌ನಲ್ಲಿ ಬಾಂಗ್ಲಾದೇಶಕ್ಕೆ ದಬ್ಬಲಾಯಿತು. ಕಲ್ಕತ್ತಾ ಹೈಕೋರ್ಟ್ ವಾಪಸ್ ಕರೆತನ್ನಿ ಅಂದ ಮೇಲೂ ಆಕೆ ಮರಳಿದ್ದು ಡಿಸೆಂಬರ್‌ನಲ್ಲಿ.

ಇದೆಲ್ಲ ದೆಹಲಿಯ ಕತೆ ಅನ್ನುವವರು ಬೆಂಗಳೂರನ್ನು ನೆನಪು ಮಾಡಿಕೊಳ್ಳಬೇಕು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶಿಗಳ ಶೆಡ್ಡು' ಅಂತ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮದೇ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಕೈಯಲ್ಲಿ ಕರ್ನಾಟಕದ ವೋಟರ್ ಕಾರ್ಡ್ ಹಿಡಿದು ನಿಂತಿದ್ದರು. ಹೈಕೋರ್ಟ್ ಮಧ್ಯಪ್ರವೇಶ ಮಾಡುವ ಹೊತ್ತಿಗೆ ಶೆಡ್ಡುಗಳು ನೆಲಸಮ ಆಗಿದ್ದವು. ಬಡವನ ಮೇಲೆ ಅನುಮಾನ ಬಂದಾಗ ಅವನ ಊರು ಯಾವುದು ಅನ್ನುವುದು ಕೊನೆಗೆ ನೋಡುವ ವಿಷಯ.

ಅಡಿಕೆ ಸೀಮೆಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ? ಮನೆ ಕೆಡವುವ ಅಗತ್ಯವೇ ಇಲ್ಲ. ಅನುಮಾನ ಇದ್ದರೆ ಸಾಕು. 'ಸ್ಟೇಷನ್ನಿಗೆ ಹೇಳಿಬಿಡ್ತೇನೆ' ಅನ್ನುವ ಒಂದೇ ಮಾತು ಬಾಕಿ ಕೂಲಿ ಕೇಳಲು ಬಂದವನನ್ನು ವಾಪಸ್ ಕಳಿಸುತ್ತದೆ. ಆಧಾರ್ ಮೂಲ ಪ್ರತಿಯನ್ನು ಮೇಸ್ತ್ರಿ ಇಟ್ಟುಕೊಂಡರೆ ಹುಡುಗ ಎಲ್ಲಿಗೂ ಹೋಗುವುದಿಲ್ಲ. ಮುಂಗಡ ಕೊಟ್ಟು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಪರಾಧ ಅನ್ನುತ್ತದೆ. ಮುಂಗಡದ ಜೊತೆ ಗುರುತಿನ ಚೀಟಿಯನ್ನೂ ಹಿಡಿದಿಟ್ಟುಕೊಂಡರೆ ಅದಕ್ಕೆ ಬೇರೆ ಹೆಸರು ಕೊಡಲು ಬರುವುದಿಲ್ಲ. ಗಲ್ಫ್‌ನಲ್ಲಿ ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಕಫಾಲಾ ಪದ್ಧತಿಯ ಬಗ್ಗೆ ಕರಾವಳಿಯ ಪ್ರತಿ ಮನೆಯಲ್ಲೂ ಒಂದು ಕಣ್ಣೀರಿನ ಕತೆ ಇದೆ. ಘಟ್ಟದ ಮೇಲೆ ಅದೇ ಕತೆಯ ಇನ್ನೊಂದು ತುದಿಯಲ್ಲಿ ನಾವು ನಿಂತಿದ್ದೇವೆ.

ಒಂದು ವಿಚಿತ್ರ ಹೋಲಿಕೆ ಪಕ್ಕದಲ್ಲೇ ಇದೆ. ಯಲ್ಲಾಪುರ, ಶಿರಸಿಗಳ ಗಡಿಗೆ ಹೊಂದಿಕೊಂಡ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಇದೆ. ಕಾನೂನಿನ ಪ್ರಕಾರ ಅವರು ವಿದೇಶಿಯರು. ಆದರೂ ನೋಂದಣಿ ಪುಸ್ತಕ ಇದೆ, ಸರಕಾರ ಕೊಟ್ಟ ಸಾವಿರಾರು ಎಕರೆ ಜಮೀನಿದೆ, ಶಾಲೆ, ಆಸ್ಪತ್ರೆ, ಸಹಕಾರಿ ಸಂಘ ಇವೆ. ಆ ಹೊಲಗಳಿಗೆ ಕೂಲಿಗೆ ಹೋಗುವವರು ಸುತ್ತಲಿನ ಹಳ್ಳಿಯ ಭಾರತೀಯರು. ಟಿಬೆಟನ್ನರಿಗೆ ಕೊಟ್ಟದ್ದು ತಪ್ಪು ಅಂತ ಹೇಳಲು ಈ ಮಾತಲ್ಲ. ಸರಕಾರ ಮನಸ್ಸು ಮಾಡಿದರೆ ಹೊರಗಿನಿಂದ ಬಂದವರನ್ನು ಗೌರವದಿಂದ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅನ್ನುವುದಕ್ಕೆ 60 ವರ್ಷದ ಸಾಕ್ಷಿ ಅದು.

ಕ್ಯಾಲಿಫೋರ್ನಿಯಾ ಹೇಳುವುದೇನು

ಸಕ್ರಮ ಮಾಡಿದರೆ ಏನಾಗುತ್ತದೆ? ಇದಕ್ಕೆ ಜಗತ್ತಿನ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. 1942ರಿಂದ 1964ರವರೆಗೆ ಬ್ರಸೇರೋ ಕಾರ್ಯಕ್ರಮದಲ್ಲಿ ಮೆಕ್ಸಿಕೋದ ಗಂಡಸರನ್ನು ಕರಾರಿನ ಮೇಲೆ ಹೊಲಗಳಿಗೆ ತರಿಸಲಾಯಿತು. ಆರಂಭದ ವರ್ಷಗಳಲ್ಲಿ ಅವರ ಕೂಲಿಯ ಶೇ. 10 ಭಾಗವನ್ನು ಉಳಿತಾಯ ಅಂತ ಹಿಡಿದಿಟ್ಟರು. ಎಷ್ಟೋ ಜನಕ್ಕೆ ಅದು ಕೊನೆಗೂ ಸಿಗಲಿಲ್ಲ. ಕಾರ್ಯಕ್ರಮ ನಿಂತಾಗ 'ಟೊಮೆಟೊ ಕೊಳೆತುಹೋಗುತ್ತೆ' ಅಂತ ರೈತರು ಬೊಬ್ಬೆ ಹಾಕಿದರು. ಕೊಳೆಯಲಿಲ್ಲ. ಕೊಯ್ಲಿನ ಯಂತ್ರ ಬಂತು. ನಮ್ಮಲ್ಲಿ ಕಾರ್ಬನ್ ಫೈಬರ್ ದೋಟಿ, ಸುಲಿಯುವ ಮಷೀನು ಬಂದ ಹಾಗೆ. ಅಗ್ಗದ ಆಳು ಇರುವತನಕ ಯಂತ್ರ ಯಾರಿಗೂ ಬೇಡ.

ನಂತರ 1986ರ ನವೆಂಬರ್ 6ರಂದು ರೇಗನ್ ವಲಸೆ ಸುಧಾರಣಾ ಕಾಯ್ದೆಗೆ ಸಹಿ ಹಾಕಿದರು. ಒಟ್ಟು ಸುಮಾರು 27 ಲಕ್ಷ ಜನ ಸಕ್ರಮ ಆದರು. ಅದರಲ್ಲಿ ಕೃಷಿ ಕಾರ್ಮಿಕರಿಗೇ ಒಂದು ವಿಶೇಷ ಬಾಗಿಲಿತ್ತು: 1986ರ ಮೇ 1ಕ್ಕೆ ಮುಗಿದ ವರ್ಷದಲ್ಲಿ 90 ದಿನ ಹೊಲದ ಕೆಲಸ ಮಾಡಿದ್ದರೆ ಸಾಕು. ಸುಮಾರು 11 ಲಕ್ಷ ಜನ ಈ ಬಾಗಿಲಿನಿಂದ ಒಳಗೆ ಬಂದರು. ಮುಂದೆ ಆದದ್ದು ಕುತೂಹಲಕಾರಿ. ಕಾಗದ ಸಿಕ್ಕವರಲ್ಲಿ ಬಹಳ ಜನ ಕೆಲವು ವರ್ಷಗಳಲ್ಲಿ ಹೊಲ ಬಿಟ್ಟು ಕಟ್ಟಡ, ಕಾರ್ಖಾನೆ, ಹೋಟೆಲ್ ಕೆಲಸಕ್ಕೆ ಹೋದರು. ಹೊಲದವರು ಕೂಲಿ ಹೆಚ್ಚಿಸಿ ಅವರನ್ನು ಉಳಿಸಿಕೊಳ್ಳಲಿಲ್ಲ. ಗುತ್ತಿಗೆದಾರರ ಮೂಲಕ ಕಾಗದವಿಲ್ಲದ ಹೊಸಬರನ್ನು ತಂದುಕೊಂಡರು. ಇವತ್ತಿಗೂ ಅಮೆರಿಕದ ಬೆಳೆ ಕಾರ್ಮಿಕರಲ್ಲಿ ಹತ್ತಿರಹತ್ತಿರ ಶೇ. 40 ಜನಕ್ಕೆ ಕಾಗದವಿಲ್ಲ.

ಇದರಿಂದ 'ಸಕ್ರಮ ಮಾಡಿದರೆ ಕೃಷಿಗೆ ಆಳು ಉಳಿಯೋಲ್ಲ' ಅನ್ನುವ ಪಾಠವನ್ನು ಅಲ್ಲಿನ ಭೂಮಾಲೀಕರ ಸಂಘಗಳು ಕಲಿತವು. 2019 ಮತ್ತು 2021ರಲ್ಲಿ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ಸತ್ತ ಕೃಷಿ ಕಾರ್ಮಿಕ ಮಸೂದೆಯಲ್ಲಿ ಆ ಪಾಠ ಕಾಣುತ್ತದೆ. ಗ್ರೀನ್ ಕಾರ್ಡ್ ಬೇಕಾದರೆ ಇನ್ನೂ ನಾಲ್ಕು ವರ್ಷ, ಹಳೆಯ ಅನುಭವ ಕಡಿಮೆ ಇದ್ದರೆ ಎಂಟು ವರ್ಷ, ಹೊಲದಲ್ಲೇ ದುಡಿಯಬೇಕು ಅನ್ನುವ ಷರತ್ತು. ಕಾಗದ ಕೊಡ್ತೇವೆ, ಆದರೆ ಬಿಟ್ಟು ಹೋಗಬಾರದು! 2025ರ ಜೂನ್‌ನಲ್ಲಿ ಟ್ರಂಪ್ ಸರಕಾರವೇ ಹೊಲಗಳ ಮೇಲಿನ ದಾಳಿಗೆ ಒಮ್ಮೆ ತಡೆ ಹಾಕಿ, ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಿತು. ಓಟಿಗೆ ವಲಸಿಗ ಶತ್ರು, ಕೊಯ್ಲಿಗೆ ಬಂಧು.

ನಾನು ಆ 1986ರ ಕತೆಯಿಂದ ಬೇರೆ ಪಾಠ ತೆಗೆಯುತ್ತೇನೆ. ಕೆಲಸಗಾರ ಕೆಲಸ ಬಿಟ್ಟು ಹೋಗಲು ಸಾಧ್ಯವಾದದ್ದು ಕಾನೂನಿನ ಸೋಲಲ್ಲ, ಅದೇ ಅದರ ಗೆಲುವು. ಸೋತದ್ದು ಎಲ್ಲಿ ಅಂದರೆ, ಬಿಟ್ಟುಹೋದವನ ಜಾಗದಲ್ಲಿ ಕೆಲಸವನ್ನು ಉತ್ತಮಪಡಿಸುವ ಬದಲು ಇನ್ನೂ ದುರ್ಬಲನಾದ ಇನ್ನೊಬ್ಬನನ್ನು ಹುಡುಕಲು ಮಾಲೀಕರಿಗೆ ಬಿಟ್ಟದ್ದರಲ್ಲಿ.

ನಮ್ಮದೇ ಸಕ್ರಮಗಳು

ಈ ಮೂರು ತಾಲೂಕುಗಳಿಗೆ ಸಕ್ರಮ ಅನ್ನುವ ಪದ ಹೊಸದಲ್ಲ. ಸಿದ್ದಾಪುರದ ಮಗ್ಗುಲಿನ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಯಾಯಿತು. 7ನೇ ನಮೂನೆಯ ಅರ್ಜಿ ಹಾಕಿ ಉಳುವವನು ಒಡೆಯನಾದ. ಉತ್ತರ ಕನ್ನಡ ಗೇಣಿ ಜಮೀನು ಅತಿ ಹೆಚ್ಚು ಇದ್ದ ಜಿಲ್ಲೆಗಳಲ್ಲಿ ಒಂದು. ನಾಮಧಾರಿಗಳಷ್ಟೇ ಅಲ್ಲ, ಗೇಣಿಗೆ ತೋಟ ಮಾಡುತ್ತಿದ್ದ ಹವ್ಯಕ ಕುಟುಂಬಗಳೂ ಆಗ ಹಕ್ಕುಪತ್ರ ಪಡೆದವು. ಅಂದರೆ, ಇವತ್ತು 'ಆಳಿಗೆ ಕಾನೂನು ಯಾಕೆ' ಅಂತ ಕೇಳುವ ಎಷ್ಟೋ ತೋಟಗಳ ಪಹಣಿ ಒಂದು ಸಕ್ರಮ ಕಾನೂನಿನ ಮಗು. ಅದೇ ಕಾಯ್ದೆಯ 38ನೇ ಕಲಂ ಯಜಮಾನನ ಜಾಗದಲ್ಲಿ ವಾಸವಿದ್ದ ಕೃಷಿ ಕೂಲಿಗೆ ಅವನ ಮನೆಯ ನೆಲದ ಹಕ್ಕು ಕೊಟ್ಟಿತು. ಮನೆ ತನ್ನದಾದ ಮೇಲೆ ಯಜಮಾನ ಕರೆದ ಕೂಡಲೇ ಓಡಬೇಕಾಗಿಲ್ಲ. ಕೂಲಿ ಎಷ್ಟು ಅಂತ ಕೇಳಬಹುದು. ಈಗಿನ ಬಿಡಾರದ ಹುಡುಗನಿಗೆ ಕೇಳಲು ಬಾಯಿ ಇಲ್ಲ, ಯಾಕೆಂದರೆ ಕೂಲಿ ಕೇಳಿದ ದಿನವೇ ಮಲಗುವ ಜಾಗವೂ ಹೋಗಬಹುದು.

ಎರಡನೇ ಸಕ್ರಮ ಇನ್ನೂ ಮುಗಿದಿಲ್ಲ. ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ. ಅಡಿಕೆ ತೋಟದವನಿಗೆ ಒಂದು ಎಕರೆಗೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೇ ಕಾಗದದಲ್ಲಿದೆ. ತೋಟಕ್ಕೆ ಸೊಪ್ಪು ಹೊತ್ತವನು ಅದೇ ಕಾಡಿನ ಅಂಚಿನಲ್ಲಿ ಒಂದು ಎಕರೆ ಗದ್ದೆ ಮಾಡಿ ಗುಡಿಸಲು ಕಟ್ಟಿದರೆ ಅದು ಅತಿಕ್ರಮಣ. 2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಸರಿಪಡಿಸಲು ಬಂತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದನ್ನು ತೋರಿಸಬೇಕು.

ಸಿದ್ದಿಗಳ ಉದಾಹರಣೆ ನೋಡಿ. ಪೋರ್ಚುಗೀಸರ ಮತ್ತಿತರರ ಕಾಲದಲ್ಲಿ ಆಫ್ರಿಕಾದಿಂದ ಬಂದವರ, ಬಹಳಷ್ಟು ಜನ ಗುಲಾಮರಾಗಿ ಬಂದವರ, ವಂಶಸ್ಥರು. ಶತಮಾನಗಳಿಂದ ಕೊಂಕಣಿ, ಕನ್ನಡ ಮಾತಾಡಿಕೊಂಡು ಇಲ್ಲಿಯ ತೋಟಗಳಲ್ಲಿ ದುಡಿದವರು. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದ ಯಲ್ಲಾಪುರದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದದ್ದು 2020ರಲ್ಲಿ. 2003ರ ಆ ಒಂದು ತಿದ್ದುಪಡಿ ಮೂರು ವರ್ಷದ ನಂತರ ಬಂದ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರಿಗೆ ದಾರಿ ಸುಲಭ ಮಾಡಿತು. ಅದೇ ಕಾಡಿನಲ್ಲಿ, ಅದೇ ತೋಟದಲ್ಲಿ ಪಕ್ಕಪಕ್ಕ ದುಡಿಯುವ ಗೌಳಿಗಳು, ಕುಣಬಿಗಳು ಇನ್ನೂ ಪಟ್ಟಿಗೆ ಸೇರಲು ಹೋರಾಡುತ್ತಿದ್ದಾರೆ. ಅವರಿಗೆ 75 ವರ್ಷದ ಸಾಕ್ಷಿ ಬೇಕು. ದನ ಮೇಯಿಸಿಕೊಂಡು ಕಾಡಿನಿಂದ ಕಾಡಿಗೆ ತಿರುಗಿದವನ ಹತ್ತಿರ 1930ರ ದಶಕದ ಕಾಗದ ಎಲ್ಲಿರುತ್ತದೆ? ನಿಯಮಗಳ ಪ್ರಕಾರ ಹಿರಿಯರ ಹೇಳಿಕೆಯೂ ಸಾಕ್ಷಿಯೇ. ಕಾಯ್ದೆ ಕೇಳುವುದು 75 ವರ್ಷದ ವಾಸ ಮತ್ತು ಅವಲಂಬನೆಯನ್ನು, ಅದೇ ತುಂಡು ಭೂಮಿಯ ಸ್ವಾಧೀನವನ್ನಲ್ಲ ಅಂತ ಶಿರಸಿಯ ರವೀಂದ್ರ ನಾಯ್ಕರ ನೇತೃತ್ವದ ಅರಣ್ಯ ಭೂಮಿ ಹಕ್ಕು ಹೋರಾಟಗಾರರ ವೇದಿಕೆ ಹೇಳುತ್ತಲೇ ಬಂದಿದೆ. ಆದರೂ ಜಿಲ್ಲೆಯ 80 ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನು ಒಕ್ಕಲೆಬ್ಬಿಸಿ ಅಂದಿತು, 28ರಂದು ತಡೆ ಕೊಟ್ಟಿತು. ಆ ತಡೆಯ ಮೇಲೆ ಸಾವಿರಾರು ಮನೆಗಳು ನಿಂತಿವೆ.

ಇದಕ್ಕೂ ವಲಸೆ ಕಾರ್ಮಿಕನಿಗೂ ಏನು ಸಂಬಂಧ? ನೇರ ಸಂಬಂಧ. ನೆಲದ ಹಕ್ಕು ಇಲ್ಲದ ಸ್ಥಳೀಯ ಕಾರ್ಮಿಕನಿಗೆ ಬ್ಯಾಂಕ್ ಸಾಲ ಇಲ್ಲ, ಬಾವಿ ತೋಡುವಂತಿಲ್ಲ, ಯಾವತ್ತು ನೋಟಿಸ್ ಬರುತ್ತದೋ ಗೊತ್ತಿಲ್ಲ. ಅವನ ಮಗ ಅದಕ್ಕೇ ಊರು ಬಿಟ್ಟ. ಅವನು ಬಿಟ್ಟ ಜಾಗಕ್ಕೆ ಇನ್ನೊಂದು ರಾಜ್ಯದಲ್ಲಿ ನೆಲವಿಲ್ಲದವನು ಬಂದ. ಜಾರ್ಖಂಡ್‌ನಿಂದ ಬರುವವರಲ್ಲಿ ಆದಿವಾಸಿಗಳೂ ಇದ್ದಾರೆ. ಅವರ ಊರಿನಲ್ಲೂ ಅರಣ್ಯ ಹಕ್ಕಿನ ಅರ್ಜಿ ಯಾವುದೋ ಕಚೇರಿಯ ಕಪಾಟಿನಲ್ಲಿ ಕುಳಿತಿದೆ. 2025ರಲ್ಲಿ ಬಿಹಾರದ ಮತಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿಟ್ಟುಹೋದವು. 'ಕಾಯಂ ಆಗಿ ಬೇರೆಡೆ ಹೋದವರು' ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಹೋದವನನ್ನು ಹೋದ ಊರಿನವರು ತಮ್ಮವನು ಅನ್ನುವುದಿಲ್ಲ, ಬಿಟ್ಟ ಊರಿನ ಪಟ್ಟಿಯಲ್ಲೂ ಉಳಿಯುವುದಿಲ್ಲ.

ಬೆಳೆಗಾರನ ಮಾತೂ ಇದೆ

ಇಲ್ಲಿ ಬೆಳೆಗಾರರನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ನಿಜವಲ್ಲ. ಒಂದೂವರೆ ಎಕರೆ ತೋಟದ 70 ದಾಟಿದ ದಂಪತಿಗೆ ಎಲೆಚುಕ್ಕಿ ರೋಗ, ಕೊಳೆರೋಗ, ಮಂಗನ ಕಾಟ ಸಾಕಾಗಿದೆ. ಅವರು ಕಾರ್ಮಿಕ ಇಲಾಖೆಯ ನಮೂನೆ ತುಂಬುತ್ತಾ ಕೂರಲಾರರು. ಕೊನೆಗೌಡ ಮರದಿಂದ ಬಿದ್ದರೆ ಆಸ್ಪತ್ರೆ ಖರ್ಚಿಗೆ ಅವರ ಇಡೀ ವರ್ಷದ ಬೆಳೆ ಸಾಲುವುದಿಲ್ಲ. ಕೂಲಿ ಹೆಚ್ಚಿಸಿ ಅನ್ನುವ ಮಾತಿಗೂ ಮಿತಿ ಇದೆ. ಉದ್ಯೋಗ ಖಾತ್ರಿಯನ್ನು ಬದಲಾಯಿಸಿ 2025ರ ಡಿಸೆಂಬರ್‌ನಲ್ಲಿ ಕೇಂದ್ರ ತಂದ ಹೊಸ ಕಾಯ್ದೆ, ಬಿತ್ತನೆ-ಕೊಯ್ಲಿನ 60 ದಿನ ಸರಕಾರಿ ಕೆಲಸ ಕೊಡದೆ ಇರಲು ಅವಕಾಶ ಮಾಡಿದೆ. ರೈತರಿಗೆ ಆಳು ಸಿಗಲಿ ಅನ್ನುವ ನೆಪ. ಒಬ್ಬರ ಆಯ್ಕೆ ಕಿತ್ತುಕೊಂಡು ಇನ್ನೊಬ್ಬರ ಕೊರತೆ ತುಂಬುವ ಈ ದಾರಿಯಿಂದ ಅಡಿಕೆ ಸೀಮೆಗೆ ಏನೂ ಆಗದು. ಇಲ್ಲಿನ ಕೊಯ್ಲು 60 ದಿನಕ್ಕೆ ಮುಗಿಯುವುದೂ ಇಲ್ಲ.

ಆದರೆ ಇಲ್ಲೊಂದು ಅನುಕೂಲ ಇದೆ, ಬೇರೆ ಎಷ್ಟೋ ಕಡೆ ಇಲ್ಲದ್ದು. ಸಹಕಾರಿ ಸಂಘಗಳು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು. ಊರೂರಿನ ಸೇವಾ ಸಹಕಾರಿ ಸಂಘಗಳಿಗೆ ಯಾವ ಸದಸ್ಯನ ಮನೆಯಿಂದ ಎಷ್ಟು ಕ್ವಿಂಟಲ್ ಚಾಲಿ, ಎಷ್ಟು ರಾಶಿ ಬಂತು ಅನ್ನುವುದು ಕೆಜಿ ಲೆಕ್ಕದಲ್ಲಿ ಗೊತ್ತು. ಅಡಿಕೆ ಲೆಕ್ಕ ಇಡುವವರು ಅಡಿಕೆ ಇಳಿಸಿದವರ ಲೆಕ್ಕ ಇಡಲಾರರೇ? ಒಬ್ಬ ಬೆಳೆಗಾರನ ಹೆಸರಿನಲ್ಲಿ ಹತ್ತು ಜನ ಆಗುವುದಿಲ್ಲ, ಸಂಘವೇ ಉದ್ಯೋಗದಾತ ಆದರೆ ನೂರು ಜನ ಆಗುತ್ತಾರೆ. ಆಗ ಸಂಹಿತೆ ಅನ್ವಯವಾಗುತ್ತದೆ, ಕೂಲಿ ಬ್ಯಾಂಕ್ ಖಾತೆಗೆ ಹೋಗುತ್ತದೆ, ಗುಂಪು ವಿಮೆ ಮಾಡಿಸಬಹುದು. ಮೇಸ್ತ್ರಿಯ ಕಮಿಷನ್ ಎಲ್ಲಿ ಹೋಗುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಬೆಳೆಗಾರನಿಗೆ ನಮೂನೆ ತುಂಬುವ ತಲೆನೋವು ತಪ್ಪುತ್ತದೆ. ದಾಖಲೆ ಸಂಘದ ಪುಸ್ತಕದಲ್ಲಿ ಇದ್ದರೆ ಮೂಲ ಆಧಾರ್ ಹುಡುಗನ ಜೇಬಿನಲ್ಲೇ ಇರಬಹುದು, ಪೊಲೀಸರು ಬಂದ ದಿನ ಅವನ ಪರ ಮಾತಾಡಲು ಒಂದು ಸಂಸ್ಥೆ ಇರುತ್ತದೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ವಾರ್ಷಿಕ ಮಹಾಸಭೆಯಲ್ಲಿ ಒಂದು ಠರಾವು ಬೇಕು. ರೇಷನ್ನಿನ ವಿಷಯದಲ್ಲಂತೂ ಸುಪ್ರೀಂ ಕೋರ್ಟ್ 2021ರ ಜೂನ್ 29ರಂದೇ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆ ಎಲ್ಲ ರಾಜ್ಯಗಳಲ್ಲೂ ಜಾರಿಯಾಗಲಿ ಅಂತ ಹೇಳಿದೆ. ಬಿಹಾರದ ಕಾರ್ಡಿಗೆ ಯಲ್ಲಾಪುರದ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲಿನ ಅಕ್ಕಿ ಸಿಗಲೇಬೇಕು. ಆ ಅಂಗಡಿ ನಡೆಸುತ್ತಿರುವುದೂ ಎಷ್ಟೋ ಕಡೆ ಅದೇ ಸೊಸೈಟಿ. ಇದು ತಮಗೆ ಸಿಗುತ್ತದೆ ಅನ್ನುವುದು ಬಿಡಾರದಲ್ಲಿರುವವರಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಈ ಸೀಸನ್ನಿನಲ್ಲೇ ಯಾರಾದರೂ ಹೋಗಿ ಕೇಳಬಹುದು. ಕೊಯ್ಲು ಇನ್ನೂ ಮುಗಿದಿಲ್ಲ, ಅವರು ಮಾರ್ಚ್‌ವರೆಗೂ ಇಲ್ಲೇ ಇರುತ್ತಾರೆ.